ಮುಂಬೈಯಲ್ಲಿ ಅವರೆಕಾಯಿ ಊಟ ಇಟ್ಟುಕೊಳ್ಳಬೇಕು, ಸೊಗಡಿನ ಕಾಯಿ ಎಲ್ಲಿ ಸಿಗುತ್ತೆ?

ಮಾಗಡಿ ಮಗಳು, ಖಾರ್‌ಘರ್

ಎಲ್ಲರಿಗೂ ನಮಸ್ಕಾರ. ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಸುಮಾರಿವೆ. ರಾಜ್ಯೋತ್ಸವಕ್ಕೆ ಸೇರುತ್ತೇವೆ, ಯುಗಾದಿಗೆ ಸೇರುತ್ತೇವೆ. ಈ ಸಲ ಸಂಕ್ರಾಂತಿ ಹೊತ್ತಿಗೆ ಒಂದು ಅವರೆಕಾಯಿ ಊಟ ಇಟ್ಟುಕೊಳ್ಳೋಣ ಅಂತ ಹೇಳಿದೆ, ಎಲ್ಲರೂ ಹೂಂ ಅಂದರು. ಅರವತ್ತು ಜನ ಆಗಬಹುದು. ಅಡುಗೆಯ ಉಸ್ತುವಾರಿ ನನ್ನದು.

ನಮ್ಮೂರು ಮಾಗಡಿ ಹತ್ತಿರ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ ಹಾಕುತ್ತಾರೆ. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲಿ ನಿಂತಿರುತ್ತೆ. ಬೆಳಗ್ಗೆ ಮಂಜಿನಲ್ಲಿ ಕಿತ್ತು ತಂದ ಕಾಯಿ ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟುತ್ತೆ. ಸೋಪು ಹಾಕಿ ಉಜ್ಜಿದರೂ ಆ ವಾಸನೆ ಬೇಗ ಹೋಗಲ್ಲ. ಆ ಸೊಗಡು ನನಗೆ ಬೇಕು.

ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ವಿ.ವಿ. ಪುರಂ ತಿಂಡಿ ಬೀದಿಯ ಅವರೆಬೇಳೆ ಮೇಳ ತಪ್ಪಿಸುತ್ತಿರಲಿಲ್ಲ. 2000ದಲ್ಲಿ ಶುರುವಾದ ಮೇಳ ಅದು. ಸಜ್ಜನ್ ರಾವ್ ಸರ್ಕಲ್ ಹತ್ತಿರ ಬರುವಾಗಲೇ ಘಮ ಬರುತ್ತಿತ್ತು. ದೋಸೆ, ಅಕ್ಕಿ ರೊಟ್ಟಿ, ಉಪ್ಪಿಟ್ಟು, ಸಾರು, ಹೋಳಿಗೆ, ಕೊನೆಗೆ ಜಿಲೇಬಿಗೂ ಅವರೆಬೇಳೆ. ಈಚೆಗೆ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೆಯುತ್ತಿದೆ. ಅಷ್ಟು ದೊಡ್ಡದು ನಮಗೆ ಬೇಡ. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಕೂತು ಕಾಯಿ ಸುಲಿದು, ಸಾರು ಮುದ್ದೆ ಉಂಡರೆ ಸಾಕು.

ಆದರೆ ಇಲ್ಲಿನ ತರಕಾರಿ ಅಂಗಡಿಯಲ್ಲಿ ಸುರ್ತಿ ಪಾಪ್ಡಿ ಸಿಗುತ್ತೆ, ಅದರಲ್ಲಿ ಕಾಳೇ ಬಲಿತಿರಲ್ಲ. ವಾಲ್ ಪಾಪ್ಡಿ ಅಂತ ಇನ್ನೊಂದು ಇಟ್ಟಿರುತ್ತಾರೆ. ಪಾವಟಾ ಅಂತ ಮತ್ತೊಂದು. ಇವುಗಳಲ್ಲಿ ಯಾವುದರಿಂದ ಹಿತಕಿದ ಬೇಳೆ (ನೆನೆಸಿ ಸಿಪ್ಪೆ ತೆಗೆದ ಅವರೆಕಾಳು) ಮಾಡಬಹುದು? ಎಷ್ಟು ಕೆಜಿ ತರಬೇಕು? ಅಥವಾ ಊರಿಂದಲೇ ತರಿಸಬೇಕಾ? ಮಾಡಿ ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಮಾಟುಂಗಾ ನಿವಾಸಿ

ಮಾಟುಂಗಾ ಮಾರ್ಕೆಟ್‌ಗೆ ಬನ್ನಿ. ನಮ್ಮ ಕಡೆಯ ತರಕಾರಿ, ಬಾಳೆ ಎಲೆ, ಬಾಳೆದಿಂಡು, ಬೂದುಗುಂಬಳ ಎಲ್ಲ ಇಲ್ಲೇ ಅಲ್ವಾ ಸಿಗೋದು. ಚಳಿಗಾಲದಲ್ಲಿ ಅವರೆಕಾಯಿಯೂ ಬರುತ್ತೆ. ಆದರೆ ದಿನಾ ಬರುತ್ತೆ ಅಂತ ನಂಬಿಕೊಂಡು ಹೋಗಬೇಡಿ. ಅರವತ್ತು ಜನಕ್ಕೆ ಅಂದರೆ ಮೊದಲೇ ಹೇಳಿಟ್ಟಿರಬೇಕು, ರೇಟೂ ಜಾಸ್ತಿ. ಮನೆಮಟ್ಟಿಗೆ ಕೆಜಿ, ಎರಡು ಕೆಜಿಗೆ ತೊಂದರೆ ಇಲ್ಲ.

ಪನವೇಲ್ ಅಕ್ಕ

ಮಾಗಡಿ ಮಗಳೇ, ನಿನ್ನ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು. ನಾನು ಹೊಸಕೋಟೆಯವಳು, ಮದುವೆಯಾಗಿ ಈ ಕಡೆ ಬಂದವಳು. ನಿನಗಿಂತ ದೊಡ್ಡವಳಿರಬೇಕು, ಅದಕ್ಕೆ ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಮ್ಮ.

ನೀನು ಖಾರ್‌ಘರ್‌ನಲ್ಲಿ ಕೂತು ಅವರೆ ಎಲ್ಲಿ ಅಂತ ಕೇಳುತ್ತಿದ್ದೀಯ. ನಿನ್ನ ಮನೆಯಿಂದ ಪನವೇಲ್ ದಾಟಿ ಪೇಣ್ ಕಡೆ ಹೋಗು. ಇಡೀ ರಾಯಗಡ ಜಿಲ್ಲೆ ಜನವರಿಯಲ್ಲಿ ಅವರೆ ಹೊಲವೇ. ಅವರು ವಾಲ್ ಅನ್ನುತ್ತಾರೆ, ಗಿಡ ನಮ್ಮದೇ ಜಾತಿ. ಭತ್ತ ಕೊಯ್ದ ಗದ್ದೆಯಲ್ಲಿ ಉಳಿದಿರುವ ತೇವದಲ್ಲೇ ಬಿತ್ತುತ್ತಾರೆ. ಆಮೇಲೆ ನೀರು ಕಟ್ಟಲ್ಲ. ನೆಲದ ತೇವ, ರಾತ್ರಿಯ ಮಂಜು, ಇಷ್ಟರಲ್ಲೇ ಬೆಳೆಯುತ್ತೆ. ನಾನು ಮೊದಲ ಸಲ ಆ ಗದ್ದೆ ಬದುವಿನಲ್ಲಿ ನಿಂತಾಗ ನೋಡಿದ ಹೂವು ನಮ್ಮ ಹೊಲದ್ದೇ ಹೂವು.

ದಿನ ಯಾವುದು ಅನ್ನುವುದು ಮುಖ್ಯ. ನಮ್ಮ ಕಡೆ ಮಳೆಗಾಲದಲ್ಲೇ ರಾಗಿ ಜೊತೆ ಬಿತ್ತಿರುತ್ತಾರೆ. ಹಗಲು ಚಿಕ್ಕದಾಗುತ್ತಾ ಬಂದಾಗ ನಾಟಿ ಅವರೆ ಹೂ ಬಿಡುತ್ತೆ, ಡಿಸೆಂಬರ್‌ಗೆ ಕಾಯಿ ಬಿದ್ದು ಸಂಕ್ರಾಂತಿಗೆ ಸುಗ್ಗಿ. ಇಲ್ಲಿ ಭತ್ತ ಎದ್ದ ಮೇಲೆ ಬಿತ್ತನೆ. ಹಾಗಾಗಿ ಕಾಯಿ ತಡ. ಸಂಕ್ರಾಂತಿ ದಿನ ಸಿಗಬಹುದು, ಆದರೆ ಎಳೆಯದು, ದುಬಾರಿ. ಜನವರಿ ಕೊನೆಯ ಭಾನುವಾರ ಅಥವಾ ಫೆಬ್ರವರಿ ಮೊದಲ ಭಾನುವಾರ ಇಟ್ಟುಕೋ. ಕಾಳು ತುಂಬಿರುತ್ತೆ, ಬೆಲೆಯೂ ಇಳಿದಿರುತ್ತೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರಿ ಮುಗಿಸಿ, ಅವರೆ ಊಟವನ್ನು ಬೇರೆ ದಿನವೇ ಮಾಡಿ. ಬೆಳೆ ಬಂದಾಗ ಹಬ್ಬ ಮಾಡಬೇಕೇ ಹೊರತು ಕ್ಯಾಲೆಂಡರ್ ನೋಡಿ ಬೆಳೆ ತರಿಸಬಾರದು ಅಂತ ನನ್ನ ಅಭಿಪ್ರಾಯ.

ಈಗ ಯಾವ ಕಾಯಿ ಅನ್ನುವುದು. ಸುರ್ತಿ ಪಾಪ್ಡಿ ಸಿಪ್ಪೆ ಸಮೇತ ತಿನ್ನುವಂಥದ್ದು, ಗುಜರಾತಿಗಳ ಊಂಧಿಯು ಪಲ್ಯಕ್ಕೆ ಸರಿ, ನಿನ್ನ ಸಾರಿಗೆ ಬೇಡ. ಹಿತಕಿದ ಬೇಳೆಗೆ ಪಾವಟಾ ತಗೋ. ಕಾಯಿಯ ಮೇಲೆ ಬೆರಳು ಆಡಿಸಿದರೆ ಕಾಳು ಉಬ್ಬಿರುವುದು ಕೈಗೆ ಸಿಗಬೇಕು. ಕಾಯಿ ಹಳದಿಗೆ ತಿರುಗಿದ್ದರೆ ಬಿಡು, ಒಳಗೆ ಕಾಳು ಗಟ್ಟಿಯಾಗಿರುತ್ತೆ, ಸಿಪ್ಪೆ ಜಾರಲ್ಲ. ರಾಯಗಡದ ವಾಲ್ ಕಾಳು ಸಣ್ಣದು, ಒಂದು ಚೂರು ಕಹಿ ಇರುತ್ತೆ. ಆ ಕಹಿ ನನಗೆ ಇಷ್ಟ. ಮಕ್ಕಳಿಗೆ ಆಗಲ್ಲ. ಹಾಗಾಗಿ ಸಾರಿಗೆ ಪಾವಟಾ, ಸುಮ್ನೆ ಬೇಯಿಸಿ ತಿನ್ನೋಕೆ ವಾಲ್, ಹೀಗೆ ಎರಡೂ ತರೋದು ಒಳ್ಳೆಯದು.

ಸೊಗಡಿನ ವಿಷಯಕ್ಕೆ ಬರ್ತೀನಿ. ಮಾಗಡಿ ಕಾಯಿಯ ಜಿಡ್ಡು ಇದರಲ್ಲಿ ಅಷ್ಟು ಇರಲ್ಲ. ಇದೆ ಅಂತ ಹೇಳಿ ನಿನ್ನನ್ನು ಕಳಿಸಿದರೆ ತಪ್ಪಾಗುತ್ತೆ. ಆದರೆ ಬೆಂಗಳೂರಲ್ಲೂ ಈಗ ವರ್ಷವಿಡೀ ಸಿಗುವ ಕಾಯಿಯಲ್ಲಿ ಆ ಸೊಗಡು ಎಲ್ಲಿದೆ? ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ ತಳಿ ಮಾಡಿದರು. ಹಗಲು ದೊಡ್ಡದಿರಲಿ ಚಿಕ್ಕದಿರಲಿ ಅವು ಹೂ ಬಿಡುತ್ತವೆ. ರೈತರಿಗೆ ಅನುಕೂಲ ಆಯ್ತು, ಒಪ್ಪುತ್ತೇನೆ. ನಮ್ಮ ನಾಲಿಗೆಗೆ ಮಾತ್ರ ಮಂಜಿನಲ್ಲಿ ನೆಂದ ನಾಟಿ ಕಾಯಿಯೇ ಬೇಕು. ಇಲ್ಲಿನ ವಾಲ್ ಮಂಜಿನಲ್ಲಿ ನೆಂದದ್ದೇ. ಬೆಳಗ್ಗೆ ಕಿತ್ತದ್ದನ್ನು ಮಧ್ಯಾಹ್ನ ಬೇಯಿಸಿ ನೋಡು, ಆಮೇಲೆ ಹೇಳು.

ಇನ್ನೊಂದು ಮಾತು. ಈ ಬೆಳೆಗೆ ಇಲ್ಲಿನವರದ್ದೇ ಹಬ್ಬ ಇದೆ, ಪೋಪಟಿ. ಅದಕ್ಕೆ ಇಂಥದ್ದೇ ತಿಥಿ ಅಂತಿಲ್ಲ, ದೇವರಿಲ್ಲ, ವಾಲ್ ಕಾಯಿ ಬಂದಾಗ ಗದ್ದೆಯಲ್ಲೇ ಮಾಡುತ್ತಾರೆ. ಮಣ್ಣಿನ ಮಡಕೆ ಒಳಗೆ ಭಾಂಬುರ್ಡಾ ಅನ್ನುವ ಗಿಡದ ಎಲೆ ಹಾಸುತ್ತಾರೆ. ಚಳಿಗಾಲದಲ್ಲಿ ಬದುಗಳ ಮೇಲೆ ತಾನಾಗಿ ಬೆಳೆಯುವ ಕಳೆ ಅದು, ವಾಸನೆ ಖಾರ. ಅದರ ಮೇಲೆ ಇಡೀ ಕಾಯಿ, ಕಲ್ಲುಪ್ಪು, ಓಂ ಕಾಳು. ನಡುವೆ ಆಲೂಗಡ್ಡೆ, ಗೆಣಸು, ಮೊಟ್ಟೆ. ಮಾಂಸ ತಿನ್ನುವವರು ಮಸಾಲೆ ಹಚ್ಚಿದ ಕೋಳಿ ಇಡುತ್ತಾರೆ. ಮತ್ತೆ ಕಾಯಿ, ಮತ್ತೆ ಉಪ್ಪು. ಬಾಯಿಗೆ ಅದೇ ಎಲೆ ಬಿಗಿಯಾಗಿ ತುರುಕಿ ಮಡಕೆಯನ್ನು ಬೋರಲು ಹಾಕಿ, ಸುತ್ತ ಹುಲ್ಲು, ಕಡ್ಡಿ, ಬೆರಣಿ ಒಟ್ಟಿ ಬೆಂಕಿ ಕೊಡುತ್ತಾರೆ. ಒಂದು ತೊಟ್ಟು ನೀರು ಹಾಕಲ್ಲ. ಕಾಯಿಯ ನೀರು, ಎಲೆಯ ನೀರು, ಅದರ ಹಬೆಯಲ್ಲೇ ಬೇಯುತ್ತೆ. ಮುಕ್ಕಾಲು ಗಂಟೆ ಸಾಕು.

ಬೆಂಕಿ ಸರಿಸಿ ಮಡಕೆ ಎತ್ತಿ ಬಾಳೆ ಎಲೆ ಮೇಲೆ ಸುರಿದಾಗ ನೋಡಬೇಕು. ಕಾಯಿ ಸುಕ್ಕುಗಟ್ಟಿ ಕಡು ಹಸಿರಾಗಿರುತ್ತೆ, ಅಂಚು ಅಲ್ಲಲ್ಲಿ ಕಪ್ಪಾಗಿರುತ್ತೆ. ಹಲ್ಲಲ್ಲಿ ಕಚ್ಚಿ ಎಳೆದರೆ ಕಾಳು ಬಾಯಿಗೆ, ಸಿಪ್ಪೆ ಕೈಯಲ್ಲಿ. ಉಪ್ಪು, ಹೊಗೆ, ಓಂ ಕಾಳು, ಭಾಂಬುರ್ಡಾ ಎಲ್ಲ ಸೇರಿ ಒಂದು ವಾಸನೆ ಬರುತ್ತಲ್ಲ, ನಮ್ಮ ಊರಲ್ಲಿ ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ, ಗೆಣಸು ಬೇಯಿಸುವ ದೊಡ್ಡ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಅನ್ನಿಸಿತ್ತು ನನಗೆ.

ಅದಕ್ಕೆ ಕೇಳುತ್ತಿದ್ದೇನೆ, ಊಟವನ್ನು ಸೊಸೈಟಿ ಹಾಲ್‌ನಲ್ಲೇ ಯಾಕೆ ಮಾಡಬೇಕು? ಪೇಣ್ ಕಡೆ ವಾಲ್ ಬೆಳೆಯುವವರ ಗದ್ದೆಗೇ ಹೋಗಿ. ಗದ್ದೆಯವರ ಒಪ್ಪಿಗೆ ತಗೊಂಡು, ಕಾಯಿಯನ್ನು ಅವರಿಂದಲೇ ಕೊಂಡು, ಪೋಪಟಿ ಹಾಕೋಕೆ ಅವರನ್ನೇ ಕೇಳಿ, ಅದಕ್ಕೂ ದುಡ್ಡು ಕೊಡಿ. ಸಾರು ನೀವು ಮನೆಯಲ್ಲಿ ಮಾಡಿಕೊಂಡು ಹೋಗಿ. ಅವರೂ ನಮ್ಮ ಹಿತಕಿದ ಬೇಳೆ ಸಾರು ಉಣ್ಣಲಿ. ಬೆಳೆದವರು ಇಲ್ಲದ ಊಟ ಸುಗ್ಗಿ ಊಟ ಹೇಗಾಗುತ್ತೆ?

ಚಿಂತಾಮಣಿ, ಈಗ ಠಾಣೆ

ಅಕ್ಕನ ಮಾತು ಚೆನ್ನಾಗಿದೆ. ಆದರೆ ನಾನು ಒಪ್ಪಲ್ಲ. ಪೋಪಟಿ ಬೇರೆ, ಅವರೆಕಾಯಿ ಸಾರು ಬೇರೆ. ನಮ್ಮ ಚಿಂತಾಮಣಿ, ಶ್ರೀನಿವಾಸಪುರದ ಕಾಯಿಯ ಸಾರು ಉಂಡವರು ವಾಲ್ ಸಾರು ಉಂಡರೆ ಏನೋ ಕಡಿಮೆ ಅಂತಲೇ ಅನ್ನಿಸುತ್ತೆ. ಅರವತ್ತು ಜನ ವರ್ಷಕ್ಕೊಂದು ಸಲ ಸೇರುವಾಗ ಊರಿನ ಕಾಯಿಯೇ ಇರಲಿ.

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವ ಯಾರಾದರೂ ಸಿಕ್ಕರೆ ತರಿಸಬಹುದು. ಪ್ಲಾಸ್ಟಿಕ್ ಚೀಲ ಮಾತ್ರ ಬೇಡ, ಒಳಗೆ ಬೆವೆತು ಕಾಯಿ ಮೆತ್ತಗಾಗುತ್ತೆ. ಗೋಣಿಚೀಲದಲ್ಲಿ ಸಡಿಲವಾಗಿ ತುಂಬಿ, ಬಂದ ತಕ್ಷಣ ನೆಲದ ಮೇಲೆ ಹರಡಿ. ಹೊಲದಲ್ಲೇ ಹುಳ ಬಿದ್ದಿರುತ್ತೆ, ತೂತು ಇರುವುದನ್ನು ಅಲ್ಲೇ ಆರಿಸಿ ತೆಗೆದು ಕಳಿಸೋಕೆ ಹೇಳಿ. ದಾರಿಯಲ್ಲಿ ಒಂದು ಹುಳ ಹತ್ತು ಕಾಯಿ ಕೆಡಿಸುತ್ತೆ.

ಕಲಬುರಗಿ, ಈಗ ಪುಣೆ

ನಾನು ಪುಣೆಯಲ್ಲಿದ್ದೇನೆ. ಇಲ್ಲಿ ಮಾರ್ಕೆಟ್ ಯಾರ್ಡ್‌ನಲ್ಲಿ ಚಳಿಗಾಲದಲ್ಲಿ ಪಾವಟಾ ಚೆನ್ನಾಗಿ ಬರುತ್ತೆ. ಖಾರ್‌ಘರ್‌ನವರಿಗೆ ವಾಶಿ ಸಗಟು ಮಾರುಕಟ್ಟೆ ಹತ್ತಿರ, ನಸುಕಿನಲ್ಲಿ ಹೋದರೆ ಒಳ್ಳೆಯ ಕಾಯಿ ಸಿಗುತ್ತೆ.

ಅಂದಹಾಗೆ ಗದ್ದೆಗೆ ಹೋಗಿ ಉಣ್ಣುವ ಮಾತು ಬಂದಾಗ ನನಗೆ ನಮ್ಮ ಎಳ್ಳಮಾವಾಸ್ಯೆ ನೆನಪಾಯ್ತು. ನಮ್ಮ ಕಲಬುರಗಿ, ಬೀದರ್ ಕಡೆ ಅವತ್ತು ಮನೆಯಲ್ಲಿ ಯಾರೂ ಉಣ್ಣಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ (ಅಡುಗೆಯನ್ನು ಹೊಲದಲ್ಲಿ ಎರಚಿ) ಆಮೇಲೆ ಊಟ. ಸಜ್ಜೆ ರೊಟ್ಟಿ ಜೊತೆಗೆ ಭಜ್ಜಿ. ಎಣ್ಣೆಯಲ್ಲಿ ಕರಿದದ್ದಲ್ಲ, ಹಸಿ ಅವರೆಕಾಳು, ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಶೇಂಗಾ, ಸೊಪ್ಪು, ಕೈಗೆ ಸಿಕ್ಕ ತರಕಾರಿ ಎಲ್ಲ ಹಾಕಿ ಕಡಲೆ ಹಿಟ್ಟು ಬಿಟ್ಟು ಕುದಿಸುವುದು. ಲಾತೂರ್ ಕಡೆಯವರೂ ಅದೇ ದಿನ ಅದನ್ನೇ ಮಾಡುತ್ತಾರೆ, ವೇಳ್ ಅಮಾವಾಸ್ಯೆ ಅಂತ. ಗಡಿಯ ಆಚೆ ಈಚೆ ಒಂದೇ ಊಟ.

ನಿಮ್ಮ ಅರವತ್ತು ಜನರಲ್ಲಿ ಉತ್ತರ ಕರ್ನಾಟಕದವರೂ ಇರುತ್ತಾರೆ. ಸಾರು ಮುದ್ದೆ ಜೊತೆ ಒಂದು ಪಾತ್ರೆ ಭಜ್ಜಿ ಮಾಡಿ. ಕಾಳು ಕಮ್ಮಿ ಬಿದ್ದರೂ ಭಜ್ಜಿಯಲ್ಲಿ ಗೊತ್ತಾಗಲ್ಲ.

ಮಾಗಡಿ ಮಗಳು, ಖಾರ್‌ಘರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮ ಉತ್ತರವನ್ನು ನಮ್ಮ ಗುಂಪಿನಲ್ಲಿ ಓದಿ ಹೇಳಿದೆ. ಗದ್ದೆಗೆ ಹೋಗೋಣ ಅಂತ ಹೆಚ್ಚಿನವರು ಹೇಳುತ್ತಿದ್ದಾರೆ. ನಮ್ಮ ಮನೆ ಕೆಲಸಕ್ಕೆ ಬರುವ ತಾಯಿ ಪೇಣ್ ಹತ್ತಿರದ ಹಳ್ಳಿಯವರು, ಅವರ ಅಣ್ಣನ ಗದ್ದೆಯಲ್ಲೇ ವಾಲ್ ಇದೆಯಂತೆ. ಕೇಳಿ ನೋಡುತ್ತೇನೆ ಅಂದಿದ್ದಾರೆ.

ಠಾಣೆಯ ಅಣ್ಣ, ಊರಿಂದ ಅಪ್ಪ ಹೇಗೂ ಬರುವವರಿದ್ದಾರೆ. ಐದು ಕೆಜಿ ಗೋಣಿಯಲ್ಲಿ ಕಟ್ಟಿ ತರೋಕೆ ಹೇಳಿದ್ದೇನೆ. ಪೂರ್ತಿ ಸಾರಿಗೆ ಸಾಲಲ್ಲ, ಪಾವಟಾ ಜೊತೆ ಬೆರೆಸಬಹುದಾ? ಹಿತಕೋದನ್ನು ಹಿಂದಿನ ದಿನವೇ ಮಾಡಿಟ್ಟರೆ ಬೇಳೆ ಹಾಳಾಗುತ್ತಾ? ಗುಂಪಿನಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಒಂದೇ ಮಡಕೆಯಲ್ಲಿ ಆಗಲ್ಲ ಅಲ್ವಾ?

ಪನವೇಲ್ ಅಕ್ಕ

ಎರಡು ಮಡಕೆ ಇಡಿಸು, ಅಷ್ಟೇ. ಕಾಯಿ ಆಲೂಗಡ್ಡೆ ಗೆಣಸಿನದು ಒಂದು, ಕೋಳಿ ಮೊಟ್ಟೆಯದು ಇನ್ನೊಂದು. ಮಡಕೆಗೆ ಗುರುತು ಮಾಡಿಡು, ಬೆಂಕಿಯಲ್ಲಿ ಎರಡೂ ಕಪ್ಪಾದ ಮೇಲೆ ಯಾವುದು ಯಾವುದು ಗೊತ್ತಾಗಲ್ಲ. ಬೇರೆ ಬೇರೆ ಒಟ್ಟಿಲು ಹಾಕಿದರೆ ಇನ್ನೂ ವಾಸಿ.

ಬೆರೆಸೋದು ಬೆರೆಸು, ಆದರೆ ಬೇಯುವ ಹೊತ್ತು ಬೇರೆ ಬೇರೆ. ಊರಿನ ಬೇಳೆ ಎಳೆಯದಿದ್ದರೆ ಬೇಗ ಬೇಯುತ್ತೆ. ಪಾವಟಾ ಬೇಳೆ ಮೊದಲು ಹಾಕಿ, ಅರ್ಧ ಬೆಂದಾಗ ಇನ್ನೊಂದನ್ನು ಹಾಕು. ಕುಕ್ಕರ್ ಬೇಡವೇ ಬೇಡ. ಹಿತಕಿದ ಬೇಳೆ ಕುಕ್ಕರ್‌ನಲ್ಲಿ ಕರಗಿ ಹೋಗುತ್ತೆ. ಅಗಲ ಪಾತ್ರೆ, ಸಣ್ಣ ಉರಿ, ಸೌಟನ್ನು ತಳದಿಂದ ಮೆಲ್ಲಗೆ ಆಡಿಸಬೇಕು.

ಕೆಜಿ ಕಾಯಿ ಸುಲಿದರೆ ಕಾಳು ಅರ್ಧ ಕೆಜಿಗಿಂತ ಕಡಿಮೆಯೇ ಬರುತ್ತೆ. ಹುಳಕಲು, ಬಲಿತದ್ದು ತೆಗೆದರೆ ಇನ್ನೂ ಕಡಿಮೆ. ಅರವತ್ತು ಜನಕ್ಕೆ, ಆಲೂಗಡ್ಡೆ ಸೇರಿಸಿದ ಸಾರಿಗೆ, ಹದಿನೈದು ಕೆಜಿ ಕಾಯಿ ಇದ್ದರೆ ಧೈರ್ಯ. ನಿನ್ನ ಅಪ್ಪ ತರುವ ಐದು, ಇಲ್ಲಿನ ಹತ್ತು. ಪೋಪಟಿಯ ಕಾಯಿ ಬೇರೆ ಲೆಕ್ಕ, ಅದನ್ನು ಗದ್ದೆಯವರಿಗೇ ಬಿಡು.

ಕಾಳನ್ನು ಶನಿವಾರ ಮಧ್ಯಾಹ್ನ ನೆನೆಹಾಕು. ಐದಾರು ಗಂಟೆಗೆ ಸಿಪ್ಪೆ ಉಬ್ಬಿ ಸಡಿಲವಾಗುತ್ತೆ. ಸಂಜೆ ಎಲ್ಲರನ್ನೂ ಒಂದು ಮನೆಗೆ ಕರಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು, ಮೂತಿ ಇರುವ ಕಡೆ ಹೊರಗೆ ಮಾಡಿ ಒತ್ತಿದರೆ ಬೇಳೆ ಪಟಕ್ಕನೆ ಜಾರುತ್ತೆ. ಹೊಸಬರು ಒತ್ತಿದರೆ ಎದುರಿನವರ ಮುಖಕ್ಕೆ ಹಾರುತ್ತೆ, ಅದಕ್ಕೆ ಬೋಗುಣಿ ಹತ್ತಿರ ಇಟ್ಟುಕೊಳ್ಳಲಿ. ಮಕ್ಕಳಿಗೆ ಈ ಕೆಲಸ ಕೊಡು, ನಮ್ಮ ಮನೆಯಲ್ಲಿ ಮಕ್ಕಳೇ ಮೊದಲು ಓಡಿ ಬರುತ್ತಾರೆ. ಉಗುರು ಹಸಿರಾಗುತ್ತೆ, ಬೆರಳ ತುದಿ ಸುಕ್ಕಾಗುತ್ತೆ, ಎರಡು ದಿನದಲ್ಲಿ ಹೋಗುತ್ತೆ. ಹಿತಕಿದ ಬೇಳೆಯನ್ನು ನೀರಲ್ಲಿ ಇಡಬೇಡ, ಹುಳಿ ವಾಸನೆ ಬರುತ್ತೆ. ನೀರು ಬಸಿದು, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡು. ಬೆಳಗ್ಗೆಗೆ ಏನೂ ಆಗಲ್ಲ.

ಇದನ್ನು ನೋಡಿ ಇಲ್ಲಿನ ಅಕ್ಕಪಕ್ಕದವರಿಗೆ ಆಶ್ಚರ್ಯ ಆಗಲ್ಲ. ಅವರೂ ಒಣ ವಾಲ್ ನೆನೆಸಿ, ಮೊಳಕೆ ಬರಿಸಿ, ಒಂದೊಂದೇ ಸಿಪ್ಪೆ ತೆಗೆದು ಬಿರ್ಡ ಅನ್ನುವ ಅಡುಗೆ ಮಾಡುತ್ತಾರೆ. ನಮ್ಮ ಮಹಡಿಯ ಆಜಿ ಒಬ್ಬರು ನನಗಿಂತ ವೇಗವಾಗಿ ಹಿತಕುತ್ತಾರೆ. ಮರಾಠಿ ಮನೆಯವರನ್ನೂ ಶನಿವಾರ ಸಂಜೆಯೇ ಕರಿ, ಭಾನುವಾರದ ಊಟಕ್ಕೆ ಮಾತ್ರ ಅಲ್ಲ.

ಮಸಾಲೆ ನಿನಗೆ ಗೊತ್ತೇ ಇರುತ್ತೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹುರಿದು, ಧನಿಯಾ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿ ಹಾಕಿ ರುಬ್ಬೋದು. ಚಕ್ಕೆ ಲವಂಗದ ಕೈ ಹಿಡಿತದಲ್ಲಿರಲಿ. ಅದು ಜಾಸ್ತಿಯಾದರೆ ಬೇಳೆಯ ವಾಸನೆ ಮುಚ್ಚಿಹೋಗುತ್ತೆ, ನೀನು ಪಟ್ಟ ಪಾಡೆಲ್ಲ ವ್ಯರ್ಥ. ಮುದ್ದೆಗೆ ನಾಚಣಿ ಹಿಟ್ಟು, ಅಂದರೆ ರಾಗಿ ಹಿಟ್ಟು, ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತೆ, ಹೊಸದಾಗಿ ಬೀಸಿದ್ದು ನೋಡಿ ತಗೋ. ಗದ್ದೆಯಲ್ಲಿ ಅರವತ್ತು ಜನಕ್ಕೆ ಮುದ್ದೆ ತಿರುವೋದು ಕಷ್ಟ. ಅಕ್ಕಿ ರೊಟ್ಟಿ ಮನೆಯಿಂದ ಮಾಡಿಕೊಂಡು ಹೋಗಿ, ಮುದ್ದೆ ಬೇಕೇ ಬೇಕು ಅನ್ನುವವರಿಗೆ ಮಾತ್ರ ಅಲ್ಲಿ ಒಂದು ಪಾತ್ರೆ ತಿರುವಿ.

ಒಣ ವಾಲ್ ಯಾರಾದರೂ ಕೊಟ್ಟರೆ ಅದನ್ನು ಹಸಿಯಾಗಿ ಬಾಯಿಗೆ ಹಾಕಿಕೊಳ್ಳೋಕೆ ಮಕ್ಕಳಿಗೆ ಬಿಡಬೇಡ. ಒಣ ಕಾಳಿನಲ್ಲಿ ವಿಷದ ಅಂಶ ಇರುತ್ತೆ. ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದ ಮೇಲೆ ಏನೂ ಭಯ ಇಲ್ಲ.

ಚಿಂತಾಮಣಿ, ಈಗ ಠಾಣೆ

ಊರಿನ ಕಾಯಿ ಐದು ಕೆಜಿ ಇದೆ ಅಂದರೆ ನಾನೂ ಬರ್ತೀನಿ. ಅದನ್ನು ಪಾವಟಾ ಜೊತೆ ಬೆರೆಸಬೇಡಿ ತಂಗಿ, ಚಿಕ್ಕ ಪಾತ್ರೆಯಲ್ಲಿ ಬೇರೆ ಸಾರು ಮಾಡಿ. ಎಲ್ಲರಿಗೂ ಒಂದೊಂದು ಸೌಟು ಬಂದರೂ ಸಾಕು, ಎರಡೂ ರುಚಿ ಪಕ್ಕಪಕ್ಕದಲ್ಲಿ ಗೊತ್ತಾಗಲಿ.

ಪನವೇಲ್ ಅಕ್ಕ

ಹಾಗೇ ಮಾಡಮ್ಮ, ಅವರು ಹೇಳಿದ್ದು ಸರಿ. ಗದ್ದೆಯವರಿಗೆ ಮೊದಲು ಊರಿನ ಸಾರನ್ನೇ ಬಡಿಸು. ಬಿತ್ತನೆಗೆ ಒಂದು ಹಿಡಿ ನಾಟಿ ಬೀಜ ಅಪ್ಪನ ಹತ್ತಿರ ಇದ್ದರೆ ತರೋಕೆ ಹೇಳು. ಒಣಗಿಸಿದ್ದು ಇರಲಿ, ಮುಂದಿನ ಸಲ ಭತ್ತ ಕೊಯ್ದ ಮೇಲೆ ಬದುವಿನಲ್ಲಿ ಹಾಕಿ ನೋಡಲಿ. ಭಾಂಬುರ್ಡಾ ಬೇಕಾದಷ್ಟು ಕಿತ್ತಿಡೋಕೆ ಅವರಿಗೆ ಹಿಂದಿನ ದಿನವೇ ಹೇಳಿರು. ಮಡಕೆ ಹೊಸದಾದರೆ ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಬೇಕು.